ಸಾಲೋಟಗಿಯ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ

ಭಾಷೆ, ಸಾಹಿತ್ಯ, ವ್ಯಾಕರಣಗಳನ್ನು ಕುರಿತ ಸಂಶೋಧನವು ವಿಶ್ವವಿದ್ಯಾಲಯಗಳ ಸ್ವತ್ತೆಂದೂ, ಅದು ಪದವೀಧರರ ಕೈಯಲ್ಲಿಯೇ ಹುಟ್ಟಿ ಅವರ ಕೈಯಲ್ಲಿಯೇ ಬೆಳೆಯಿತೆಂದೂ ಸುಶಿಕ್ಷಿತರಲ್ಲಿ ಒಂದು ಭಾವನೆಯು ಬೇರೂರಿರುವದು. ಈ ಭಾವನೆಯೇ ನಿಜವಾಗಿದ್ದ ಪಕ್ಷದಲ್ಲಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳಿಗೆ ಕನ್ನಡ ಸಂಶೋಧನದ ಇತಿಹಾಸದಲ್ಲಿ ಹೇಳಿಕೊಳ್ಳತಕ್ಕ ಸ್ಥಾನವೇ ಇರಲಾರದು. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ, ನಡುವೆ ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ನಾಣ್ನುಡಿಯ ಎರೆಯ ಭೂಮಿ. ಮಳೆ ತಪ್ಪಿದರೆ ಬರ. ಈ ಸೀಮೆಯ ಮಕ್ಕಳು ಹೆಚ್ಚಿನ ವಿದ್ಯೆಗಾಗಿ ಬಹುಕಾಲ ವಿಜಾಪುರಕ್ಕೂ, ಧಾರವಾಡಕ್ಕೂ, ಪುಣೆಗೂ ಹೋಗಬೇಕಾಗಿದ್ದಿತು. ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಮಹಿಳೆಯರ ವಿಶ್ವವಿದ್ಯಾಲಯವು ಸ್ಥಾಪಿತವಾದದ್ದು ೨೦೦೩ರಲ್ಲಿ.

ಆದರೆ ಸಂಶೋಧನಕ್ಕೆ ಎರಡು ಅಂಗಗಳುಂಟು. ಒಂದು ಸಾಮಗ್ರಿ, ಇನ್ನೊಂದು ವಿಧಾನ. ವಿಧಾನವನ್ನು ವಿಶ್ವವಿದ್ಯಾಲಯವು ಕಲಿಸಬಲ್ಲುದು. ಸಾಮಗ್ರಿಯಾದರೋ ಊರಿನ ಗುಡಿಯಲ್ಲಿ, ಮನೆಯ ಜಗುಲಿಯಲ್ಲಿ, ಮುದುಕಿಯರ ಬಾಯಲ್ಲಿ ಇರತಕ್ಕದ್ದು. ಅದನ್ನು ಕಾದು, ಕೂಡಿಹಾಕಿ, ವಿದ್ವಾಂಸರ ಕೈಗೆ ಮುಟ್ಟಿಸಿದವರು ಇಲ್ಲದಿದ್ದರೆ ವಿಧಾನವು ಎಷ್ಟು ಸೂಕ್ಷ್ಮವಾಗಿದ್ದರೂ ಕಾಳಿಲ್ಲದ ಬೀಸುವ ಕಲ್ಲಿನಂತೆ ಬರಿದೆ ತಿರುಗಬೇಕಾದೀತು. ಈ ನಾಲ್ಕು ತಾಲೂಕುಗಳು ಕಲ್ಲು, ಓಲೆ, ಬಾಯಿಮಾತು ಎಂಬ ಮೂರು ಬಗೆಯ ಸಾಮಗ್ರಿಯನ್ನು ಕನ್ನಡಕ್ಕೆ ಕೊಟ್ಟವು. ಕಡೆಯಲ್ಲಿ ಆ ಮೂರನ್ನೂ ಕೂಡಿಸಿ ನೋಡಬಲ್ಲ ಒಬ್ಬ ಪಂಡಿತನನ್ನೂ ಕೊಟ್ಟವು. ಸ್ಥಾಲೀಪುಲಾಕ ನ್ಯಾಯದಿಂದ ಕೆಲವೇ ಸಂಗತಿಗಳನ್ನು ಇಲ್ಲಿ ನೋಡತಕ್ಕದ್ದು. ಇತ್ತೀಚೆಗೆ ಚಡಚಣ, ತಾಳಿಕೋಟೆ, ದೇವರ ಹಿಪ್ಪರಗಿ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳು ಬೇರ್ಪಟ್ಟಿದ್ದರೂ ಈ ಲೇಖನದಲ್ಲಿ ಹಳೆಯ ತಾಲೂಕುಗಳ ಎಲ್ಲೆಯನ್ನೇ ಹಿಡಿಯಲಾಗಿದೆ.

೧. ಪಾವಿಟ್ಟಗೆಯ ಶಾಲೆ

ಇಂಡಿಯ ಆಗ್ನೇಯಕ್ಕೆ ಕೆಲವೇ ಹರದಾರಿಯ ಮೇಲೆ ಸಾಲೋಟಗಿಯೆಂಬ ಊರು ಇರುವದು. ಅಲ್ಲಿಯ ಒಂದು ಶಿಲಾಸ್ತಂಭದ ಮೇಲೆ ರಾಷ್ಟ್ರಕೂಟ ಚಕ್ರವರ್ತಿಯಾದ ಮುಮ್ಮಡಿ ಕೃಷ್ಣನ ಕಾಲದ ಶಾಸನವು ಕೊರೆಯಲ್ಪಟ್ಟಿದೆ. ಶಕೆ ೮೬೭, ಎಂದರೆ ಕ್ರಿ.ಶ. ೯೪೫, ಭಾದ್ರಪದದ ಅಮಾವಾಸ್ಯೆ, ಸೂರ್ಯಗ್ರಹಣದ ಪುಣ್ಯಕಾಲ. ಆಗ ಈ ಊರಿನ ಹೆಸರು ಪಾವಿಟ್ಟಗೆ. ಅದು ಕರ್ಣಪುರೀ ವಿಷಯಕ್ಕೆ ಸೇರಿದ್ದಿತು. ಕೃಷ್ಣರಾಜನ ಮಂತ್ರಿಯಾದ ನಾರಾಯಣನೆಂಬವನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಅದರಲ್ಲಿ ಇರುತ್ತಿದ್ದರು.

ಈ ಶಾಸನದಲ್ಲಿ ವಿಚಾರಣೀಯವಾದ ಸಂಗತಿಯೆಂದರೆ ಶಾಲೆಯ ಖರ್ಚುವೆಚ್ಚದ ವ್ಯವಸ್ಥೆಯು. ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು. ಶಾಲೆಯ ನಿರ್ವಾಹಕ್ಕೆ ೫೦೦ ನಿವರ್ತನ ಭೂಮಿ. ನಿವರ್ತನವೆಂಬುದು ಅಂದಿನ ನೆಲದ ಅಳತೆ. ದೀಪಗಳ ಸಲುವಾಗಿ ಬೇರೆಯಾಗಿ ೧೨ ನಿವರ್ತನ. ಪಾಠ ಹೇಳುವ ಉಪಾಧ್ಯಾಯನಿಗೆ ೫೦ ನಿವರ್ತನ ಮತ್ತು ಒಂದು ಮನೆ. ಇಷ್ಟಕ್ಕೇ ಮುಗಿಯಲಿಲ್ಲ. ಊರಿನ ಬ್ರಾಹ್ಮಣರು ಮದುವೆಯಲ್ಲಿ ಐದು, ಉಪನಯನದಲ್ಲಿ ಅದರ ಅರ್ಧ, ಚೌಲದಲ್ಲಿ ಅದರ ಅರ್ಧ 'ಪುಷ್ಪ'ಗಳನ್ನು ಶಾಲೆಗೆ ಸಲ್ಲಿಸಬೇಕು. ಪುಷ್ಪವೆಂದರೆ ಇಲ್ಲಿ ಒಂದು ನಾಣ್ಯ. ಊರಲ್ಲಿ ಬ್ರಾಹ್ಮಣಸಂತರ್ಪಣೆಯಾದರೆ ಶಾಲೆಯವರಿಗೂ ಯಥಾಶಕ್ತಿ ಊಟವಿಕ್ಕಬೇಕು. ಅರಸನ ಮಂತ್ರಿಯು ಕಟ್ಟಿಸಿದ ಶಾಲೆಯಾದರೂ ಅದನ್ನು ನಡೆಯಿಸುವ ಭಾರದಲ್ಲಿ ಒಂದು ಪಾಲು ಮನೆಮನೆಯ ಶುಭಕಾರ್ಯಗಳ ಮೇಲೆ ಇದ್ದಿತು. ಮದುವೆಯ ಮನೆಯವರು ವಿದ್ಯೆಯ ಋಣವನ್ನು ನೆನೆಯತಕ್ಕದ್ದೆಂಬ ಈ ನಿಯಮವು ಸಾವಿರ ವರುಷಗಳ ಮೇಲೂ ಯೋಚಿಸತಕ್ಕದ್ದಾಗಿದೆ.

ಆ ಶಾಲೆಯು ಯಾವಾಗಲೋ ನಿಂತುಹೋಯಿತು. ದೀಪಕ್ಕೆ ಬಿಟ್ಟ ಹೊಲ ಯಾವುದು, ಉಪಾಧ್ಯಾಯನ ಮನೆ ಎಲ್ಲಿದ್ದಿತು ಎಂದು ತೋರಿಸುವವರು ಉಳಿಯಲಿಲ್ಲ. ಆದರೆ ಊರಿನ ಹೆಸರು ಮಾತ್ರ ಅದನ್ನು ಮರೆಯಲಿಲ್ಲ. 'ಶಾಲಾ-ಪಾವಿಟ್ಟಗೆ' ಎಂಬುದೇ ಜನರ ನಾಲಗೆಯ ಮೇಲೆ ಸವೆದು ಸಾಲೋಟಗಿಯಾಯಿತೆಂದು ಪಂಡಿತರು ಬಿಡಿಸಿ ಹೇಳಿರುವರು. ಸಂಸ್ಕೃತದ ಶಕಾರವು ಸಕಾರವಾಗಿ, ಆದಿಯ ಪಕಾರವು ಪದಮಧ್ಯಕ್ಕೆ ಬಂದೊಡನೆ ಸಡಿಲಾಗಿ ಲೋಪಿಸಿ, ಸ್ವರಗಳು ಕೂಡಿ ಓಕಾರವಾಗುವದು ಕನ್ನಡದ ಉಚ್ಚಾರಕ್ಕೆ ಒಪ್ಪುವ ಕ್ರಮವೇ ಸರಿ. ಅರ್ಥವು ಮರೆತುಹೋದ ಮೇಲೂ ಧ್ವನಿಯು ಉಳಿದಿರುವದು. ಅಕ್ಷರವರಿಯದ ಒಕ್ಕಲಿಗನು ತನ್ನ ಊರಿನ ಹೆಸರನ್ನು ಹೇಳಿದಾಗಲೆಲ್ಲ ರಾಷ್ಟ್ರಕೂಟರ ಕಾಲದ ಒಂದು ವಿದ್ಯಾಪೀಠದ ಹೆಸರನ್ನು ತಿಳಿಯದೆಯೇ ಹೇಳುತ್ತಿದ್ದನು.

೨. ಕಲ್ಲಿನ ಸಾಕ್ಷಿ

ಈ ಸೀಮೆಯ ಕಲ್ಲುಗಳನ್ನು ಓದುವ ಕೆಲಸವು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾಯಿತು. ಕುಂಪಣಿಯ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸಾಹೇಬನು ೧೮೩೦ರ ದಶಕದಲ್ಲಿ ಕರ್ನಾಟಕದ ೫೯೫ ಶಾಸನಗಳ ಪ್ರತಿಗಳನ್ನು ಬರೆಯಿಸಿ ಸಂಗ್ರಹಿಸಿದನು. ತರುವಾಯ ಫ್ಲೀಟ್ ಸಾಹೇಬನು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಇಲ್ಲಿಯ ಅರಸು ಮನೆತನಗಳ ಚರಿತ್ರೆಯನ್ನು ೧೮೮೨ರಲ್ಲಿ ಬರೆದನು. ಸಾಲೋಟಗಿಯ ಸ್ತಂಭದ ಶಾಸನಗಳು ಕೀಲ್‌ಹಾರ್ನ್ ಮತ್ತು ಹೆಚ್. ಕೃಷ್ಣಶಾಸ್ತ್ರಿ ಎಂಬ ಪಂಡಿತರ ಸಂಪಾದನದಿಂದ ೧೮೯೬-೯೭ರ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಬೆಳಕಿಗೆ ಬಂದವು. ಒಂದೇ ಕಂಬದ ಮೇಲೆ ಸಂಸ್ಕೃತದ ಶಾಸನವೂ ಅನಂತರದ ಒಂದು ಕನ್ನಡ ಶಾಸನವೂ ಇರುವದು ಇವುಗಳ ವಿಶೇಷ. 'ಬಾಂಬೆ-ಕರ್ನಾಟಕ ಶಾಸನ'ಗಳ ಮೊದಲ ಸಂಪುಟವು ಹೊರಟದ್ದು ೧೯೪೦ರಲ್ಲಿ.

ಕಲ್ಲಿನ ಸಾಕ್ಷಿಯ ಬೆಲೆಯೇನೆಂಬುದಕ್ಕೆ ಬಸವನ ಬಾಗೇವಾಡಿಯ ಮಾತನ್ನೇ ತೆಗೆದುಕೊಳ್ಳಬಹುದು. ಬಸವಣ್ಣನವರು ಬಾಗೇವಾಡಿಯವರೆಂಬುದು ಪುರಾಣಗಳಿಂದ, ಹರಿಹರನ ರಗಳೆಯಿಂದ, ಜನರ ನಂಬಿಗೆಯಿಂದ ಸರ್ವವಿದಿತವಾದುದು. ಆದರೆ ಶಾಸನಗಳಲ್ಲಿ ಅವರ ಸ್ಪಷ್ಟವಾದ ಹೆಸರು ಸಿಗದಿದ್ದ ಕಾಲದಲ್ಲಿ ಇತಿಹಾಸಕಾರರಿಗೆ ಸಂಶಯಗಳು ಹುಟ್ಟಿದವು. ಅಬ್ಬಲೂರಿನ ಶಾಸನವನ್ನು ಸಂಪಾದಿಸಿದ ಫ್ಲೀಟನು ಏಕಾಂತದ ರಾಮಯ್ಯನಿಗೆ ಹೆಚ್ಚಿನ ಮಹತ್ವವನ್ನು ಕೊಟ್ಟು, ಬಸವಣ್ಣನವರ ಕುರಿತ ಪುರಾಣಗಳ ಮಾತನ್ನು ಶಂಕಿಸಿದನು. ಈ ಶಂಕೆಗೆ ಉತ್ತರ ದೊರೆತದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಕಲ್ಲಿನಿಂದ. ಸೇವುಣ ಅರಸನಾದ ಕನ್ನರನ ಕಾಲದ, ಶಕೆ ೧೧೮೨ರ, ಎಂದರೆ ಕ್ರಿ.ಶ. ೧೨೬೦ರ ಆ ಶಾಸನವು ತರ್ದವಾಡಿ ನಾಡಿನ ನಡುವಣ ಬಾಗವಾಡಿಯನ್ನೂ, ಅದರ ಒಡೆಯನಾದ ಮಾದಿರಾಜನನ್ನೂ, ಆತನ ಮಗನಾದ ಬಸವರಾಜನನ್ನೂ ಹೆಸರಿಸಿ ಹೇಳುವದು. ಬಸವಣ್ಣನವರ ಕಾಲವಾದ ಒಂದು ನೂರು ವರುಷಗಳೊಳಗಿನ ಸಾಕ್ಷಿಯಿದು. ಭಕ್ತರಿಗೆ ಇದರಿಂದ ಹೊಸದಾಗಿ ತಿಳಿದದ್ದೇನೂ ಇಲ್ಲ; ಪಂಡಿತರಿಗಾದರೋ ನಂಬಿಗೆಯು ಪ್ರಮಾಣವಾಗಿ ಪರಿಣಮಿಸಿತು.

ಎಲ್ಲದಕ್ಕೂ ಇಂಥ ಕಲ್ಲು ಸಿಗುವದಿಲ್ಲ. ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ತೀರದ ತಂಗಡಗಿಯು ನೀಲಾಂಬಿಕೆಯವರ ಐಕ್ಯಸ್ಥಾನವೆಂದು ಜನರು ಪೂಜಿಸುವರು. ಅದು ಐತಿಹ್ಯ. ಐತಿಹ್ಯವನ್ನು ಪೌರಾಣಿಕರು ಬೇರೊಂದು ಪ್ರಮಾಣವೆಂದೇ ಎಣಿಸಿದರು; ನೈಯಾಯಿಕರು ಅದನ್ನು ಶಬ್ದಪ್ರಮಾಣದಲ್ಲಿಯೇ ಅಡಗಿಸಿ, ಹೇಳಿದವನು ಆಪ್ತನೋ ಅಲ್ಲವೋ ಎಂದು ಮೊದಲು ವಿಚಾರಿಸಬೇಕೆಂದರು. ಸಂಶೋಧಕನು ನೈಯಾಯಿಕರ ಪಕ್ಷದವನು. ಆತನು ಐತಿಹ್ಯವನ್ನು ತುಚ್ಛೀಕರಿಸಲಾರನು, ಅದನ್ನೇ ಶಾಸನವೆಂದು ಓದಲಾರನು. ಎರಡನ್ನೂ ಬೇರೆಬೇರೆ ಗೂಡುಗಳಲ್ಲಿ ಇಟ್ಟು ಕಾಯುವನು.

೩. ಜಗುಲಿಯ ಓಲೆಗಟ್ಟುಗಳು

ಎರಡನೆಯ ಸಾಮಗ್ರಿಯು ಓಲೆಗರಿ. ಶರಣರ ವಚನಗಳು ಕಲ್ಲಿನ ಮೇಲೆ ಉಳಿಯಲಿಲ್ಲ. ಮಠಗಳಲ್ಲಿಯೂ ಗೃಹಸ್ಥರ ಮನೆಗಳಲ್ಲಿಯೂ ತಾಡವೋಲೆಯ ಕಟ್ಟುಗಳಾಗಿ ಉಳಿದವು. ಆ ಕಟ್ಟುಗಳಿಗೆ ಭಸ್ಮ ಧರಿಸಿ, ಹೂ ಏರಿಸಿ, ಲಿಂಗದ ಜತೆಯಲ್ಲಿಯೇ ಪೂಜಿಸುತ್ತಿದ್ದರು. ಪೂಜೆಯಿಂದ ಕಟ್ಟು ಉಳಿಯಿತು. ಬಿಚ್ಚಿ ಓದುವವರಿಲ್ಲದೆ ಒಳಗಿನ ಮಾತು ಮೂಕವಾಯಿತು. ಹುಳುವಿಗೆ ಪೂಜ್ಯ-ಅಪೂಜ್ಯ ಎಂಬ ಭೇದವಿಲ್ಲವಾದ ಕಾರಣ ಎಷ್ಟೋ ಕಟ್ಟುಗಳು ಜಗುಲಿಯ ಮೇಲೆಯೇ ಹಿಟ್ಟಾಗಿ ಹೋದವು.

ಈ ಮೂಕ ಓಲೆಗಳಿಗೆ ಬಾಯಿ ಕೊಟ್ಟವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾಯಿದೆಯ ಪದವಿಯನ್ನು ಪಡೆದು, ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಇವರು ಊರೂರು ತಿರುಗಿ ಓಲೆಗಳನ್ನು ಬೇಡಿ ತಂದರು. ೧೯೨೩ರಲ್ಲಿ ಇವರ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರಸ್ಥಳದ ಅಚ್ಚುಕೂಟಗಳನ್ನು ನೆಚ್ಚಿ ಕೆಲಸವು ಸಾಗದೆಂದು ಕಂಡು ಇದ್ದ ಮನೆಯನ್ನು ಮಾರಿ, ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು; ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರುಷ ಬಳ್ಳಾರಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕರ್ನಾಟಕ ವಿಶ್ವವಿದ್ಯಾಲಯವು ಇವರಿಗೆ ಗೌರವ ಡಾಕ್ಟರೇಟನ್ನು ಸಲ್ಲಿಸಿದ್ದು ೧೯೫೬ರಲ್ಲಿ, ಎಂದರೆ ಮೊದಲ ಗ್ರಂಥವು ಹೊರಟ ೩೩ ವರುಷಗಳ ಮೇಲೆ. ೧೯೬೪ರಲ್ಲಿ ಇವರು ಲಿಂಗೈಕ್ಯರಾದರು.

ಓಲೆಯನ್ನು ಓದುವದೆಂದರೆ ಅಚ್ಚಿನ ಪುಸ್ತಕವನ್ನು ಓದಿದಂತೆ ಅಲ್ಲ. ಓಲೆಯಲ್ಲಿ ಪದಪದಗಳ ನಡುವೆ ತೆರವಿಲ್ಲ. ವಾಕ್ಯ ಮುಗಿದ ಗುರುತೂ ಇರುವದು ಅಪರೂಪ. ಎಕಾರ-ಏಕಾರಗಳಿಗೂ ಒಕಾರ-ಓಕಾರಗಳಿಗೂ ಲಿಪಿಕಾರನು ಭೇದ ಮಾಡುತ್ತಿರಲಿಲ್ಲ. 'ಕೆಡು' ಎಂದು ಬರೆದದ್ದು ಕೆಡುವದೋ ಕೇಡೋ, 'ಕೊಡು' ಎಂದು ಬರೆದದ್ದು ಕೊಡುವದೋ ಪಶುವಿನ ಕೋಡೋ ಎಂಬುದನ್ನು ಮುಂದಿನ ಹಿಂದಿನ ಮಾತುಗಳನ್ನು ನೋಡಿ ನಿಶ್ಚಯಿಸಬೇಕು. ಒಂದು ಪ್ರತಿಯಲ್ಲಿ ಬಿಟ್ಟುಹೋದ ಸಾಲು ಇನ್ನೊಂದರಲ್ಲಿ ಇರುವದು. ಒಬ್ಬ ಶರಣನ ವಚನವು ಇನ್ನೊಬ್ಬನ ಹೆಸರಿನ ಕಟ್ಟಿನಲ್ಲಿ ಸೇರಿರುವದೂ ಉಂಟು. ಆದ ಕಾರಣ ಒಂದೇ ಗ್ರಂಥದ ಹಲವು ಪ್ರತಿಗಳು ಬೇಕು. ಒಂದು ಮನೆಯವರು ತಮ್ಮ ಓಲೆಯನ್ನು ಕೊಡದೆ ಬಚ್ಚಿಟ್ಟರೆ, ಅಥವಾ ಹಳೆಯದೆಂದು ಹೊಳೆಗೆ ಬಿಟ್ಟರೆ, ಇನ್ನೊಂದು ಮನೆಯ ಓಲೆಯಲ್ಲಿಯ ತಪ್ಪು ಎಂದಿಗೂ ತಿದ್ದಲ್ಪಡದೆ ಉಳಿಯುವದು.

೪. ಹಲಸಂಗಿಯ ಗೆಳೆಯರು

ಮೂರನೆಯ ಸಾಮಗ್ರಿಯು ಬಾಯಿಮಾತು. ಇದನ್ನು ಸಂಶೋಧನಕ್ಕೆ ಯೋಗ್ಯವೆಂದು ಯಾರೂ ಎಣಿಸದಿದ್ದ ದಿನಗಳಲ್ಲಿ ಇಂಡಿ ತಾಲೂಕಿನ ಹಲಸಂಗಿಯೆಂಬ ಸಣ್ಣ ಊರಿನಲ್ಲಿ ನಾಲ್ವರು ಗೆಳೆಯರು ಕೂಡಿದರು. ಮಧುರಚೆನ್ನರೆಂದು ಪ್ರಸಿದ್ಧರಾದ ಚೆನ್ನಮಲ್ಲಪ್ಪ ಗಲಗಲಿಯವರು, ಚಡಚಣದ ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು. ಮಧುರಚೆನ್ನರು ೧೯೦೩ರಲ್ಲಿ ಹುಟ್ಟಿದವರು. ಮುಲ್ಕಿ ಪರೀಕ್ಷೆಯ ಆಚೆಗೆ ಅವರು ಕಾಲೇಜಿನ ಮುಖ ಕಂಡವರಲ್ಲ. ಹಳಗನ್ನಡವನ್ನೂ ಶಾಸನಗಳನ್ನೂ ಸ್ವಂತ ಪರಿಶ್ರಮದಿಂದಲೇ ಕಲಿತರು. ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರು. ಜಾತಿಮತಗಳನ್ನು ಮರೆತು ಕೂಡಿದ ಈ ಗೆಳೆಯರು ತಮ್ಮ ಸುತ್ತಲಿನ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುವ ಹಾಡುಗಳನ್ನು ಬರೆದುಕೊಳ್ಳತೊಡಗಿದರು.

ಇವರ ಸಂಗ್ರಹವಾದ 'ಗರತಿಯ ಹಾಡು' ೧೯೩೧ರಲ್ಲಿ ಹೊರಟಿತು. ೧೯೩೩ರಲ್ಲಿ 'ಜೀವನ ಸಂಗೀತ', ೧೯೩೫ರಲ್ಲಿ 'ಮಲ್ಲಿಗೆ ದಂಡೆ' ಬಂದವು. ಪಂಡಿತರ ಮನ್ನಣೆಯನ್ನು ಎಂದೂ ಬಯಸದ, ತಮ್ಮ ಹೆಸರನ್ನೂ ಹಾಡಿನಲ್ಲಿ ಇಡದ ಒಕ್ಕಲಗಿತ್ತಿಯರ ಮಾತು ಕಾವ್ಯವೆಂದು ಸುಶಿಕ್ಷಿತ ಕನ್ನಡಿಗರು ಆಗ ಒಪ್ಪಿದರು. ಮಧುರಚೆನ್ನರು ತಮ್ಮ ಐವತ್ತನೆಯ ವಯಸ್ಸಿನಲ್ಲಿ, ೧೯೫೩ರಲ್ಲಿ ತೀರಿಕೊಂಡರು. ಲಿಂಗಣ್ಣನವರು ೧೯೯೩ರವರೆಗೆ ಬದುಕಿ ಈ ಕೆಲಸವನ್ನು ಮುಂದುವರಿಸಿದರು.

ಈ ಹಾಡುಗಳ ಛಂದಸ್ಸು ತ್ರಿಪದಿ. ಹನ್ನೊಂದು ಅಂಶಗಣಗಳು; ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕವು ವಿಷ್ಣುಗಣ. ಛಂದಶ್ಶಾಸ್ತ್ರವನ್ನು ಓದಿದವರಿಗೆ ಈ ಲಕ್ಷಣವು ಗೊತ್ತು. ಬೀಸುವ ಹೆಣ್ಣುಮಗಳಿಗೆ ಲಕ್ಷಣ ತಿಳಿಯದು, ಲಕ್ಷ್ಯವು ತಪ್ಪದು. ಈ ತ್ರಿಪದಿಯ ಬಹು ಹಳೆಯ ಮಾದರಿಗಳು ಸಿಕ್ಕಿರುವದು ಬಾದಾಮಿಯ ಬಂಡೆಯ ಮೇಲೆ, ಕ್ರಿ.ಶ. ೭೦೦ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನದಲ್ಲಿ. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಬೇರ್ಪಡುವವರೆಗೆ ಬಾದಾಮಿಯೂ ಇಂಡಿಯೂ ಒಂದೇ ಜಿಲ್ಲೆಯವು. ಬಾದಾಮಿಯ ಬಂಡೆಗೂ ಹಲಸಂಗಿಯ ಬೀಸುವ ಕಲ್ಲಿಗೂ ನಡುವೆ ಹನ್ನೆರಡು ನೂರು ವರುಷಗಳು ಕಳೆದಿದ್ದರೂ ಮಟ್ಟು ಒಂದೇ. ಈ ಅಂತರವನ್ನು ತುಂಬಿದವರು ಯಾವ ಮಠದ ಲಿಪಿಕಾರರೂ ಅಲ್ಲ, ತಾಯಿಯಿಂದ ಮಗಳಿಗೆ ಹಾಡು ಕಲಿಸಿದ ಮನೆತನಗಳು. ಸಾಲೋಟಗಿಯ ಶಾಲೆಯು ನಾನಾ ಜನಪದಗಳ ವಿದ್ಯಾರ್ಥಿಗಳಿಗೆ ಮನೆ ಕಟ್ಟಿಕೊಟ್ಟಿತು; ಅದರ ಗೋಡೆಯಾಚೆಗೆ ಬೆಳಗಿನ ಝಾವದಲ್ಲಿ ಹಿಟ್ಟು ಬೀಸುತ್ತಿದ್ದವಳ ಹಾಡನ್ನು ಕೇಳಿ ಬರೆದಿಡುವ ಯೋಚನೆ ಆ ಪಂಡಿತರಿಗೆ ಬರಲಿಲ್ಲ. ಆ ಕೊರತೆಯನ್ನು ತುಂಬಲು ಮುಲ್ಕಿ ಓದಿದ ಗೆಳೆಯರು ಬರಬೇಕಾಯಿತು.

ಹಾಡನ್ನು ಬರೆದುಕೊಳ್ಳುವವನಿಗೆ ಒಂದು ದೊಡ್ಡ ಪ್ರಲೋಭನವಿರುವದು. ಆಡುಮಾತನ್ನು ಗ್ರಂಥಭಾಷೆಗೆ ತಿದ್ದಬೇಕೆಂಬುದು. ಈ ಸೀಮೆಯವರು 'ಹೋಗ್ಯಾನ' ಎನ್ನುವಲ್ಲಿ ಗ್ರಂಥಭಾಷೆಯವರು 'ಹೋಗಿದ್ದಾನೆ' ಎಂದು ಬರೆಯುವರು. ತಿದ್ದಿದರೆ ಐದು ಮಾತ್ರೆಯ ಮಾತು ಏಳು ಮಾತ್ರೆಯಾಗಿ ಹಾಡಿನ ನಡೆ ಮುರಿಯುವದು. ಅಷ್ಟೇ ಅಲ್ಲದೆ, 'ಇರು' ಧಾತುವಿನ ಸಹಾಯವಿಲ್ಲದೆ 'ಹೋಗಿ' ಎಂಬುದಕ್ಕೇ ನೇರವಾಗಿ ಪುರುಷಪ್ರತ್ಯಯವನ್ನು ಹತ್ತಿಸಿ ಮುಗಿದ ಕ್ರಿಯೆಯನ್ನು ಹೇಳುವ ಒಂದು ಸ್ವತಂತ್ರವಾದ ರೂಪವೇ ಕಣ್ಮರೆಯಾಗುವದು. ಭಾಷಾಶಾಸ್ತ್ರದ ದೃಷ್ಟಿಯಲ್ಲಿ 'ಹೋಗ್ಯಾನ' ಎಂಬುದು ಅಶುದ್ಧವೂ ಅಲ್ಲ, ಗ್ರಾಮ್ಯವೂ ಅಲ್ಲ. ಅದು ಒಂದು ಸೀಮೆಯ ವ್ಯಾಕರಣದ ಸೂತ್ರ. ಕನ್ನಡದ ದೇಸಿಗಳು ಬಹಳವೆಂಬುದನ್ನು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಗುರುತಿಸಿದೆ.

೫. ವಿಶ್ವವಿದ್ಯಾಲಯದ ಪಾಲು

ಹೀಗೆ ಕಲ್ಲು, ಓಲೆ, ಹಾಡುಗಳು ಬೇರೆಬೇರೆ ಕೈಗಳಿಂದ ಕೂಡಿಬರುತ್ತಿರಲು, ವಿದ್ಯಾಸಂಸ್ಥೆಗಳು ಮೆಲ್ಲನೆ ಮುಂದೆ ಬಂದವು. ೧೯೩೯ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಮುಂ‌ಬಯಿಯಲ್ಲಿ ಹುಟ್ಟಿ ೧೯೫೦ರಲ್ಲಿ ಧಾರವಾಡಕ್ಕೆ ಬಂದಿತು. ಬಿ. ಎಸ್. ಗದ್ದಗಿಮಠರು ಕನ್ನಡ ಜಾನಪದ ಗೀತಗಳನ್ನು ಕುರಿತು ಬರೆದ ಪ್ರಬಂಧಕ್ಕೆ ಅದು ೧೯೫೫ರಲ್ಲಿ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. 'ಗರತಿಯ ಹಾಡು' ಹೊರಟ ೨೪ ವರುಷಗಳ ಮೇಲೆ ಬೀಸುವ ಪದವು ವಿಶ್ವವಿದ್ಯಾಲಯದ ಪೀಠವನ್ನು ಏರಿತು. ೧೯೯೧ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವು, ಸಂಶೋಧನವನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡು ಸ್ಥಾಪಿತವಾಯಿತು.

ಮೂರೂ ಸಾಮಗ್ರಿಗಳನ್ನು ಒಂದೆಡೆ ತಂದು ನೋಡಿದ ಪಂಡಿತರು ಸಿಂದಗಿ ತಾಲೂಕಿನವರು. ಮಲ್ಲಪ್ಪ ಮಡಿವಾಳಪ್ಪ ಕಲಬುರ್ಗಿಯವರು ೧೯೩೮ರಲ್ಲಿ ಯರಗಲ್ಲದಲ್ಲಿ ಹುಟ್ಟಿದರು. ಅವರ ಊರು ಗುಬ್ಬೇವಾಡ. ಸಿಂದಗಿ, ವಿಜಾಪುರಗಳಲ್ಲಿ ಓದಿ, ಧಾರವಾಡದಲ್ಲಿ ೧೯೬೨ರಲ್ಲಿ ಎಂ. ಎ. ಪದವಿಯನ್ನು ಪಡೆದು, ಕವಿರಾಜಮಾರ್ಗದ ಪರಿಸರದ ಕನ್ನಡ ಸಾಹಿತ್ಯವನ್ನು ಕುರಿತು ಡಾಕ್ಟರೇಟ್ ಪ್ರಬಂಧವನ್ನು ಬರೆದರು. 'ಶಾಸನಗಳಲ್ಲಿ ಶಿವಶರಣರು' ಎಂಬ ಗ್ರಂಥದಲ್ಲಿ ಅವರು ಕಲ್ಲಿನ ಸಾಕ್ಷಿಯನ್ನು ಓಲೆಯ ಸಾಕ್ಷಿಯ ಜತೆಗೆ ಹಿಡಿದು ನೋಡಿದರು. 'ಕನ್ನಡ ಗ್ರಂಥಸಂಪಾದನ ಶಾಸ್ತ್ರ'ದಲ್ಲಿ ಓಲೆಗಳನ್ನು ಹೇಗೆ ಓದಬೇಕು, ಪಾಠಗಳನ್ನು ಹೇಗೆ ಆರಿಸಬೇಕೆಂಬ ವಿಧಾನವನ್ನು ಹೇಳಿದರು. 'ಕನ್ನಡ ನಾಮವಿಜ್ಞಾನ'ದಲ್ಲಿ ಊರ ಹೆಸರು, ಆಳಿನ ಹೆಸರುಗಳು ಚರಿತ್ರೆಗೆ ಸಾಕ್ಷಿಯಾಗುವ ಬಗೆಯನ್ನು ಶಾಸ್ತ್ರವಾಗಿ ಕಟ್ಟಿದರು. ಸಾಲೋಟಗಿಯೆಂಬ ಹೆಸರಿನೊಳಗೆ ಶಾಲೆಯಿದ್ದಂತೆ, ಊರೂರ ಹೆಸರಿನಲ್ಲಿ ಅಡಗಿದ ಕೆರೆ, ಕಾಡು, ಕುಲ, ದೈವಗಳನ್ನು ತೆಗೆದು ತೋರಿಸುವದೇ ಆ ಶಾಸ್ತ್ರದ ಕೆಲಸ.

೧೯೯೩ರಲ್ಲಿ ಕರ್ನಾಟಕ ಸರಕಾರವು ಹೊರಡಿಸಿದ 'ಸಮಗ್ರ ವಚನ ಸಂಪುಟ'ಗಳಿಗೆ ಕಲಬುರ್ಗಿಯವರೇ ಪ್ರಧಾನ ಸಂಪಾದಕರು. ಹದಿನೈದು ಸಂಪುಟಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳು ಕೂಡಿಬಂದವು. ೧೯೨೩ರಲ್ಲಿ ಹಳಕಟ್ಟಿಯವರು ಮೊದಲು ಮಾಡಿದ ಕೆಲಸವು ಎಪ್ಪತ್ತು ವರುಷಗಳ ತರುವಾಯ ಈ ಹಂತಕ್ಕೆ ಮುಟ್ಟಿತು. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯು ಹಳಕಟ್ಟಿಯವರ ಹೆಸರಿನಿಂದ ನಡೆಯಿಸುವ ಸಂಶೋಧನ ಕೇಂದ್ರದಿಂದ ಹಳಕಟ್ಟಿಯವರ ಸಮಗ್ರ ಸಾಹಿತ್ಯವೂ, ಆದಿಲಶಾಹಿ ಕಾಲದ ಗ್ರಂಥಗಳ ಕನ್ನಡ ಅನುವಾದಗಳೂ ಕಲಬುರ್ಗಿಯವರ ಮುಂದಾಳುತನದಲ್ಲಿ ಪ್ರಕಟವಾದವು. ೧೯೯೮ರಿಂದ ೨೦೦೧ರವರೆಗೆ ಅವರು ಹಂಪಿಯ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಸಂಶೋಧನ ಲೇಖನಗಳ ಸಂಗ್ರಹವಾದ 'ಮಾರ್ಗ ೪'ಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು.

ಆದರೆ ಸಂಶೋಧಕನ ಹಾದಿಯು ಹೂವಿನ ಹಾಸಿಗೆಯಾಗಿರಲಿಲ್ಲ. ಅವರ 'ಮಾರ್ಗ'ದ ಮೊದಲ ಸಂಪುಟದಲ್ಲಿಯ ಕೆಲವು ಊಹೆಗಳು ಭಕ್ತರ ಮನಸ್ಸಿಗೆ ನೋವನ್ನುಂಟುಮಾಡಿ ದೊಡ್ಡ ವಾದವಾಗಲು, ೧೯೮೯ರಲ್ಲಿ ಅವರು ಆ ಮಾತುಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಅದರಿಂದ ಅವರ ಮನಸ್ಸಿಗೆ ಆದ ಗಾಯವು ಮಾಯಲಿಲ್ಲ. ಬರೆಯುವದನ್ನು ಮಾತ್ರ ಅವರು ಬಿಡಲಿಲ್ಲ. ೨೦೧೫ನೆಯ ಆಗಸ್ಟ್ ೩೦ರಂದು ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಕ್ಕಿ ಕೊಂದರು. ವಾದಕ್ಕೆ ಪ್ರತಿವಾದವು ಉತ್ತರ. ಪೂರ್ವಪಕ್ಷವನ್ನು ಪೂರ್ಣವಾಗಿ ಕೇಳಿದ ಮೇಲೆಯೇ ಸಿದ್ಧಾಂತವನ್ನು ಹೇಳತಕ್ಕದ್ದೆಂಬುದು ಈ ದೇಶದ ಶಾಸ್ತ್ರಗಳ ಮರ್ಯಾದೆ. ಎದುರಾಳಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ಹೇಳಿ ಬಳಿಕ ಖಂಡಿಸಿದ ಆಚಾರ್ಯರ ನಾಡಿನಲ್ಲಿ, ಅನುಭವಮಂಟಪದ ಮಾತನ್ನು ಜಗತ್ತಿಗೆ ಸಾರಿದ ಸೀಮೆಯ ಪಂಡಿತನಿಗೆ, ಈ ಗತಿಯು ಬಂದದ್ದು ಕನ್ನಡ ವಿದ್ಯೆಗೆ ತಗಲಿದ ಕಳಂಕವಾಗಿದೆ. ಸಂಶೋಧಕನ ಮಾತು ತಪ್ಪಾಗಿರಬಹುದು. ಅದನ್ನು ತಪ್ಪೆಂದು ತೋರಿಸುವದಕ್ಕೂ ಸಂಶೋಧನವೇ ಬೇಕು.

೬. ಉಳಿದ ಕೆಲಸ

ಅಸ್ತು. ಆಗಿಹೋದ ಕಾರ್ಯವನ್ನು ಹೊಗಳಿ ಸುಮ್ಮನಿದ್ದರೆ ಪ್ರಯೋಜನವಿಲ್ಲ. ಹಿಟ್ಟಿನ ಗಿರಣಿಯು ಹಳ್ಳಿಹಳ್ಳಿಗೆ ಬಂದು ಬೀಸುವ ಕಲ್ಲು ಅಂಗಳದ ಮೂಲೆಯನ್ನು ಸೇರಿತು. ಕಲ್ಲಿನ ಜತೆಗೇ ಅದರ ಹಾಡೂ ಮೂಲೆಗೆ ಬಿದ್ದಿತು. ಇದರಿಂದ ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ದೊರೆತದ್ದು ಸಂತೋಷದ ಸಂಗತಿಯೇ. ಆದರೆ ಆ ಹಾಡುಗಳನ್ನು ಬಲ್ಲವರು ಈಗ ವೃದ್ಧೆಯರು ಮಾತ್ರ. ಕೃಷ್ಣೆಯ ಆಲಮಟ್ಟಿ, ನಾರಾಯಣಪುರ ಜಲಾಶಯಗಳ ನೀರಿನಲ್ಲಿ ದಂಡೆಯ ಊರುಗಳು ಮುಳುಗಿ ಜನರು ಹೊಸ ಊರುಗಳಿಗೆ ಹೋದರು. ನೀರಾವರಿಯಿಂದ ನಾಡಿಗೆ ಲಾಭವಾಯಿತು. ಹೊಸ ಊರುಗಳಿಗೆ ಹಳೆಯ ಹೆಸರೇ ಬಂದಿರಬಹುದು. ಆದರೆ ಹೊಲಕ್ಕೊಂದು, ಹಳ್ಳಕ್ಕೊಂದು, ಮಡುವಿಗೊಂದು, ಕಟ್ಟೆಗೊಂದು ಇದ್ದ ಹೆಸರುಗಳು ನೆಲದ ಜತೆಗೆ ಮುಳುಗಿದವು. ಅವುಗಳಲ್ಲಿ ಇನ್ನೆಷ್ಟು ಸಾಲೋಟಗಿಗಳಿದ್ದವೋ ಹೇಳುವವರು ಇಲ್ಲ. ಆ ಹೊಲಗಳನ್ನು ಉತ್ತವರು ಕೆಲವರು ಇನ್ನೂ ಇರುವರು. ಅವರನ್ನು ಕೇಳಿ ಬರೆದಿಡಲು ಒಂದು ವಹಿಯೂ ಒಂದು ಸಂಜೆಯೂ ಸಾಕು.

ಈ ಕೆಲಸವನ್ನು ವಿಶ್ವವಿದ್ಯಾಲಯಗಳು ಮಾಡಲೆಂದು ಕಾಯುತ್ತ ಕೂಡ್ರುವದು ಉಚಿತವಲ್ಲ. ಹಿಂದೆಯೂ ಅವು ಮೊದಲು ಬಂದಿರಲಿಲ್ಲ. ಸುಶಿಕ್ಷಿತ ಮನೆತನದವರು ಮಾಡಬಹುದಾದ ಕಾರ್ಯಗಳು ಕೆಲವು. ಜಗುಲಿಯ ಮೇಲಿನ ಓಲೆಗಟ್ಟನ್ನಾಗಲಿ ಅಜ್ಜಂದಿರ ಕೈಬರಹದ ವಹಿಯನ್ನಾಗಲಿ ಹೊಳೆಗೆ ಬಿಡಬಾರದು. ಬಲ್ಲವರಿಂದ ಓದಿಸಬೇಕು, ಪ್ರತಿ ತೆಗೆಯಲು ಕೊಡಬೇಕು. ಗುಡಿಯ ಶಾಸನದ ಕಲ್ಲಿಗೆ ಸುಣ್ಣ-ಬಣ್ಣ ಬಳಿಯಬಾರದು, ಎಣ್ಣೆಯನ್ನೂ ಎರೆಯಬಾರದು. ಜೀರ್ಣೋದ್ಧಾರದ ಕಾಲದಲ್ಲಿ ಅದನ್ನು ಪಾವಟಿಗೆಗೆ ಹಾಕದಂತೆ ಊರ ಹಿರಿಯರು ಎಚ್ಚರವಹಿಸಬೇಕು. ಹಾಡನ್ನು ಬರೆದುಕೊಳ್ಳುವಾಗ ಹಾಡಿದಾಕೆಯ ಉಚ್ಚಾರವನ್ನು ತಿದ್ದಬಾರದು. ಆಕೆಯ ಹೆಸರು, ಊರು, ತವರೂರುಗಳನ್ನು ಕೆಳಗೆ ಬರೆಯಬೇಕು. ತವರೂರನ್ನು ಬರೆಯಬೇಕಾದದ್ದು ಯಾಕಂದರೆ ಹಾಡು ಹೆಣ್ಣುಮಗಳ ಜತೆಯಲ್ಲಿಯೇ ಊರಿನಿಂದ ಊರಿಗೆ ನಡೆಯುವದು.

ಸಾವಿರದ ಎಂಬತ್ತು ವರುಷಗಳ ಹಿಂದೆ ಪಾವಿಟ್ಟಗೆಯ ಮದುವೆಯ ಮನೆಯವರು ಶಾಲೆಗೆ ಐದು ಪುಷ್ಪಗಳನ್ನು ಸಲ್ಲಿಸುತ್ತಿದ್ದರು. ಆ ನಾಣ್ಯವು ಇಂದು ಚಲಾವಣೆಯಲ್ಲಿಲ್ಲ. ಮದುವೆಯ ಮನೆಗಳಲ್ಲಿ ಮುದುಕಿಯರು ಇನ್ನೂ ಕೂಡುವರು. ಹಂದರದ ಗದ್ದಲವು ಅಡಗಿದ ಮೇಲೆ ಅವರ ಬಳಿಯಲ್ಲಿ ಕುಳಿತು ಐದು ಹಾಡುಗಳನ್ನು ಬರೆದುಕೊಂಡರೆ ಆ ಹಳೆಯ ಶಾಲೆಯ ಬಾಕಿಯು ಸ್ವಲ್ಪವಾದರೂ ಸಂದಾಯವಾದೀತು.